ಮಾವ ಹಿಡಿದ ಅಳತೆಕೋಲು

ಮಾರ್ಚ್ 4, ಸೋಮವಾರ

ಈ ಪುಸ್ತಕದ ರಟ್ಟಿನ ಮೇಲೆ ‘ಲೆವೆಲ್ ಪುಸ್ತಕ’ ಎಂದು ಅಚ್ಚಾಗಿದೆ. ಹಾಗಾಗಿ ಒಳಗೆ ಏನು ಬರೆದರೂ ಈ ಮನೆಯಲ್ಲಿ ಯಾರೂ ತೆರೆದು ನೋಡುವುದಿಲ್ಲ. ಮದುವೆಯಾದ ಒಂದೂವರೆ ವರ್ಷದಲ್ಲಿ ನನ್ನದೇ ಅಂತ ಸಿಕ್ಕಿದ ಜಾಗ ಇದೊಂದೇ. ಇಲ್ಲಿ ಹೊಟ್ಟೆತುಂಬ ಬೈಯಬಹುದು.

ಬೈಯಬೇಕಾಗಿರುವುದು ಮಾವನನ್ನು. ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತರಾಗಿ ಆರು ವರ್ಷವಾಯಿತು ಎಂಬುದು ಶಾಲೆಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ನನ್ನ ಚಪ್ಪಲಿಗಳು ಬಾಗಿಲ ಹತ್ತಿರ ‘ಶಿಸ್ತಿಲ್ಲದೆ ನಿಂತಿದ್ದವಂತೆ’. ಹಿಮ್ಮಡಿ ಗೋಡೆಗೆ, ಮುಂಗಾಲು ಹೊರಕ್ಕೆ, ಎರಡರ ನಡುವೆ ನಾಲ್ಕು ಬೆರಳು. ನಾನು ಸರಿಮಾಡುವವರೆಗೆ ಸೊಂಟದ ಮೇಲೆ ಕೈಯಿಟ್ಟು ಕಾದರು. ಗಂಡನಿಗೆ ಹೇಳಿದರೆ, “ಅಪ್ಪ ಅಲ್ವಾ, ಸ್ವಲ್ಪ ಹೊಂದ್ಕೋ” ಎಂಬ ಹಳೇ ಮಾತ್ರೆ. ಆದರೆ ಇವತ್ತು ನಾನು ಬಿಡಲಿಲ್ಲ. ಬಾಡಿಗೆಗೆ ಬೇರೆ ಮನೆ ಹುಡುಕುವುದಕ್ಕೆ ಒಪ್ಪಿದ್ದಾರೆ. ಸಿಕ್ಕುವವರೆಗೆ ಮನೆಯಲ್ಲಿ ಸುದ್ದಿ ಎತ್ತಬಾರದು ಎಂಬ ಷರತ್ತು.

ಆಫೀಸಿನಲ್ಲೂ ಒಂದು ಸುದ್ದಿ. ನಕ್ಷೆಗೆ ಬಣ್ಣ ತುಂಬುತ್ತ ಕೂತಿದ್ದವಳಿಗೆ ಸಾಹೇಬರು ಮೊದಲ ಸಲ ಒಂಟಿಯಾಗಿ ಲೆವೆಲ್ ಕೆಲಸ, ಅಂದರೆ ನೆಲದ ಏರುತಗ್ಗು ಅಳೆಯುವ ಕೆಲಸ, ಕೊಟ್ಟಿದ್ದಾರೆ. ಅದೂ ನಮ್ಮದೇ ಬೀದಿ. ಪ್ರತಿ ಮಳೆಗೂ ಇಲ್ಲಿ ಮೊಣಕಾಲು ನೀರು. ಒಂದು ಬದಿಯಲ್ಲಿ ಚರಂಡಿ ತೋಡಬೇಕು. ಯಾವ ಬದಿ ತಗ್ಗೋ ಆ ಬದಿಯಲ್ಲಿ. ಆ ಬದಿಯವರ ಗೇಟಿನ ಮೆಟ್ಟಿಲುಗಳೆಲ್ಲ ಒಡೆಯಬೇಕಾಗುತ್ತದೆ. ಯಾವುದು ತಗ್ಗು ಎಂದು ಹೇಳಬೇಕಾದವಳು ನಾನು.

“ನಮ್ಮ ಮನೆಯೂ ಅದೇ ಬೀದೀಲಿದೆ ಸಾರ್” ಎಂದೆ.

“ಒಳ್ಳೇದಾಯ್ತಲ್ರೀ ಮೇಡಂ, ಊಟಕ್ಕೆ ಮನೆಗೇ ಹೋಗಬಹುದು. ಇಪ್ಪತ್ತನೇ ತಾರೀಕು ವರದಿ ನನ್ನ ಮೇಜಿನ ಮೇಲಿರಬೇಕು. ಸರಿ ಬಂದ್ರೆ ನಿಮ್ಮನ್ನ ಖಾಯಂ ಮಾಡೋಕೆ ಬರೀತೀನಿ. ಇಲ್ದಿದ್ರೆ ಬಣ್ಣದ ಡಬ್ಬಿ ಅಲ್ಲೇ ಇದೆ.”

ಮಾರ್ಚ್ 6, ಬುಧವಾರ

ಅಳತೆಕೋಲು ಹಿಡಿಯುವವರು ಸಿಗುತ್ತಿಲ್ಲ. ಆಫೀಸಿನ ಖಾಯಂ ಆಳಿಗೆ ಸೊಂಟ ಹಿಡಿದುಕೊಂಡಿದೆ. ನಿನ್ನೆ ಕೊಟ್ಟ ಜವಾನ ಕೋಲಿಗೆ ಒರಗಿಕೊಂಡೇ ನಿದ್ದೆ ಹೋದ. ನಾನು ದುರ್ಬೀನಿನಲ್ಲಿ ನೋಡುತ್ತಿದ್ದೇನೆ, ಕೋಲು ಮೆಲ್ಲಗೆ ಎಡಕ್ಕೆ ವಾಲಿತು, ಹಿಂದೆಯೇ ಅವನೂ ವಾಲಿದ, ಇಬ್ಬರೂ ಜೊತೆಯಾಗಿ ತರಕಾರಿ ಗಾಡಿಯ ಮೇಲೆ ಬಿದ್ದರು. ಇವತ್ತು ಬಂದವನು ಫೋನಿನಲ್ಲಿ ಯಾರನ್ನೋ ಸಮಾಧಾನ ಮಾಡುತ್ತ ಮಾಡುತ್ತ ಕೋಲಿನ ಸಮೇತ ಬಸ್ ನಿಲ್ದಾಣದವರೆಗೆ ನಡೆದುಬಿಟ್ಟ.

ಸಂಜೆ ಇದನ್ನೆಲ್ಲ ಗಂಡನ ಹತ್ತಿರ ಹೇಳಿಕೊಂಡು ಅಳು ನಗು ಎರಡೂ ಆಗುತ್ತಿರುವಾಗ ಮಾವ ಪೇಪರು ಕೆಳಗಿಟ್ಟರು.

“ಕೋಲು ಹಿಡಿಯೋನು ಏನು ಮಾಡಬೇಕು?”

“ಅಲ್ಲಾಡದೆ ನೆಟ್ಟಗೆ ನಿಂತ್ಕೋಬೇಕು ಮಾವ.”

“ಎಷ್ಟು ಹೊತ್ತು?”

“ನಾನು ಕೈಸನ್ನೆ ಮಾಡೋವರೆಗೂ.”

“ಮೂವತ್ತೊಂದು ವರ್ಷ ಅದನ್ನೇ ಮಾಡಿಸಿದ್ದೀನಿ” ಎಂದರು. “ನಾಳಿದ್ದು ನಾನು ಬರ್ತೀನಿ.”

ಗಂಡ ನನ್ನ ಮುಖ ನೋಡಲಿಲ್ಲ. ಅತ್ತೆ ಅಡುಗೆಮನೆಯಿಂದಲೇ “ಅಯ್ಯೋ ಪಾಪ” ಎಂದರು. ಯಾರಿಗೆ ಎಂದು ಹೇಳಲಿಲ್ಲ.

ಮಾರ್ಚ್ 8, ಶುಕ್ರವಾರ

ಹಿತ್ತಲಲ್ಲಿ ಮಾವನಿಗೆ ತರಬೇತಿ. ನನ್ನ ಜೀವನದಲ್ಲಿ ಇಂಥ ದಿನ ಬರುತ್ತದೆ ಎಂದು ಯಾವ ಜ್ಯೋತಿಷಿಯೂ ಹೇಳುತ್ತಿರಲಿಲ್ಲ.

“ಇದು ಲೆವೆಲ್. ಮುಕ್ಕಾಲಿ ಮೇಲೆ ಕೂತಿರೋ ದುರ್ಬೀನು. ಇದು ಮೇಲೂ ನೋಡಲ್ಲ, ಕೆಳಗೂ ನೋಡಲ್ಲ, ಸಮನಾಗಿ ಎದುರಿಗೆ ಮಾತ್ರ ನೋಡುತ್ತೆ. ಎದುರಿಗಿರೋ ಕೋಲಿನ ಮೇಲೆ ಅಂಕಿ ಇದೆಯಲ್ಲ, ಅದನ್ನ ನಾನು ಓದ್ತೀನಿ. ನೀವು ಎತ್ತರದ ಜಾಗದಲ್ಲಿ ಇಟ್ರೆ ಕಡಿಮೆ ಅಂಕಿ ಕಾಣುತ್ತೆ. ತಗ್ಗಿನಲ್ಲಿ ಇಟ್ರೆ ಜಾಸ್ತಿ ಅಂಕಿ.”

“ಕಡಿಮೆ ಅಂಕಿ ಬಂದವನೇ ಎತ್ತರದವನು?”

“ಹೌದು.”

“ನಮ್ಮ ಶಾಲೇಲಿ ಹಾಗಿರಲಿಲ್ಲ.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ನಗಲಿಲ್ಲವಾದ್ದರಿಂದ ನಾನೂ ಪಾಠ ಮುಂದುವರಿಸಿದೆ.

ಬೀದಿಯ ಒಂದು ತುದಿಯ ನೀರಿನ ಟ್ಯಾಂಕಿನ ಬುಡದಲ್ಲಿ ಎತ್ತರ ಗೊತ್ತಿರುವ ಒಂದು ಗುರುತುಕಲ್ಲಿದೆ. ಅಲ್ಲಿಂದ ಹೊರಟು, ಬೀದಿಯುದ್ದಕ್ಕೂ ಅಳೆಯುತ್ತ ಇನ್ನೊಂದು ತುದಿಯ ಸೇತುವೆ ಮುಟ್ಟಿ, ಮತ್ತೆ ಅದೇ ಕಲ್ಲಿಗೆ ವಾಪಸು ಬರಬೇಕು. ಹೊರಟಾಗ ಎಷ್ಟಿತ್ತೋ ಬಂದಾಗಲೂ ಅಷ್ಟೇ ಬರಬೇಕು. ಒಂದು ಸೆಂಟಿಮೀಟರ್ ಆಚೀಚೆಯಾದರೆ ಕ್ಷಮೆಯುಂಟು, ಅದಕ್ಕಿಂತ ಹೆಚ್ಚಾದರೆ ಇಲ್ಲ. ದಾರಿಯಲ್ಲಿ ಯಂತ್ರವನ್ನು ಮುಂದಕ್ಕೆ ಸಾಗಿಸುವ ಪ್ರತಿ ಕಡೆಯೂ ಒಂದು ಗಟ್ಟಿ ಕಲ್ಲು ಬೇಕು. ಅಲ್ಲಿ ಕೋಲನ್ನು ಎರಡು ಸಲ ಓದುತ್ತೇನೆ. ಮೊದಲು ಹಿಂದಿನಿಂದ, ಆಮೇಲೆ ಯಂತ್ರ ಮುಂದೆ ಹೋದ ಮೇಲೆ ಅಲ್ಲಿಂದ.

“ಗಟ್ಟಿ ಕಲ್ಲು ಅಂದ್ರೆ ನಮ್ಮ ಗೇಟಿನ ಮೆಟ್ಟಿಲು ಇದೆಯಲ್ಲ” ಎಂದರು ಮಾವ. “ನಾನೇ ನಿಂತು ಹಾಕಿಸಿದ್ದು. ಈ ಬೀದೀಲಿ ಅಷ್ಟು ಎತ್ತರದ ಕಲ್ಲು ಇನ್ನೊಂದಿಲ್ಲ.”

ಕೈಸನ್ನೆಯೇ ಕಷ್ಟವಾಯಿತು. ನಾನು ಎಡಗೈ ಎತ್ತಿದರೆ ಕೋಲಿನ ತುದಿಯನ್ನು ಕೊಂಚ ಎಡಕ್ಕೆ ವಾಲಿಸಬೇಕು, ಅಷ್ಟೇ. ಮಾವ ಕಾಲು ಅಪ್ಪಳಿಸಿ, ಕೋಲಿನ ಸಮೇತ ಇಡೀ ಎಡಕ್ಕೆ ತಿರುಗಿ, ಗೋಡೆ ನೋಡುತ್ತ ನಿಂತರು. ಬಲಗೈ ಎತ್ತಿದೆ. ಬಾಳೆಗಿಡ ನೋಡುತ್ತ ನಿಂತರು. ಎರಡೂ ಕೈ ಎತ್ತಿದರೆ ‘ಓದಿ ಆಯಿತು’ ಎಂದರ್ಥ. ಅದಕ್ಕೆ ಸೆಲ್ಯೂಟ್ ಹೊಡೆದರು.

ಅತ್ತೆ ಬಟ್ಟೆ ಒಣಹಾಕುವ ನೆಪದಲ್ಲಿ ಪೂರ್ತಿ ನೋಡಿದರು. ಆಮೇಲೆ ಒಳಗೆ ಬಂದು ಮೆಲ್ಲಗೆ, “ನಲವತ್ತು ವರ್ಷದಲ್ಲಿ ಇವರು ಒಬ್ಬರ ಮಾತಿಗೆ ತಿರುಗಿದ್ದು ನಾನು ಕಂಡಿಲ್ಲ. ಆ ಸನ್ನೆ ನಂಗೂ ಒಂಚೂರು ಹೇಳ್ಕೊಡಮ್ಮ” ಎಂದರು.

ಮಾರ್ಚ್ 9, ಶನಿವಾರ

ಮೊದಲ ದಿನದ ಅಳತೆ ಮುಗಿಯಿತು. ಮಾವ ಇಸ್ತ್ರಿ ಅಂಗಿ, ಮುಖ ಕಾಣುವಷ್ಟು ಪಾಲಿಶ್ ಆದ ಕಪ್ಪು ಬೂಟು ತೊಟ್ಟು ಬಂದಿದ್ದರು. ಒಪ್ಪಿಕೊಳ್ಳಬೇಕು, ಕೋಲು ಗೋಡೆಯಲ್ಲಿ ಹೊಡೆದ ಮೊಳೆಯ ಹಾಗೆ ನಿಲ್ಲುತ್ತದೆ. ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡುವುದಿಲ್ಲ. ಪ್ರತಿ ಕಲ್ಲಿನ ಮೇಲೂ ಹೋಗಿ ನಿಂತು “ತಯಾರ್!” ಎಂದು ಕೂಗುತ್ತಾರೆ, ಅದೊಂದು ಬೇಡವಾಗಿತ್ತು. ಎರಡು ಮನೆಯ ನಾಯಿಗಳು ಬೊಗಳಿದವು, ತಲೆ ನರೆತ ಒಬ್ಬರು ಎಚ್ಚರವಾಗಿ ಎದ್ದು ನಿಂತರು. ಅವರೂ ಮಾವನ ಹಳೇ ವಿದ್ಯಾರ್ಥಿಯಂತೆ.

ಬೀದಿಯ ನಡುವೆ, ನಮ್ಮ ಮನೆಗೆ ಸರಿಯಾಗಿ ಎದುರಿನಲ್ಲಿ, ಔಷಧಿ ಅಂಗಡಿಯವರ ಮನೆ. ಮಾವನ ಬಾಯಲ್ಲಿ ಅವರ ಹೆಸರು ‘ಗುಳಿಗೆ’. ಅವರ ಬಾಯಲ್ಲಿ ಮಾವ ‘ಸೀಟಿ’. ಇಬ್ಬರೂ ಮಾತು ಬಿಟ್ಟು ಹನ್ನೆರಡು ವರ್ಷ. ಗುಳಿಗೆಯವರ ದೂರು ಏನೆಂದರೆ, ಮಾವ ಮನೆ ಎತ್ತರಿಸಿ ಕಟ್ಟಿ ನೀರನ್ನೆಲ್ಲ ತಮ್ಮ ಮನೆಗೆ ನುಗ್ಗಿಸುತ್ತಿದ್ದಾರೆ. ಮಾವನ ಉತ್ತರ, “ಎತ್ತರ ಇದ್ದವನು ಎತ್ತರ ಇರ್ತಾನೆ, ಅದಕ್ಕೆ ನಾನೇನು ಮಾಡಲಿ?” ಈ ಜಗಳದಲ್ಲಿ ಇಬ್ಬರೂ ಒಪ್ಪುವ ಸಂಗತಿ ಒಂದೇ: ನಮ್ಮ ಮನೆ ಎತ್ತರ, ಅವರದು ತಗ್ಗು.

ಬೀದಿ ಉಳಿದ ಕಡೆಯೆಲ್ಲ ತಟ್ಟೆಯ ಹಾಗೆ ಸಮ. ಈ ಎರಡು ಮನೆಗಳ ಮುಂದೆಯೇ ಅತ್ತಲೋ ಇತ್ತಲೋ ವಾಲಬೇಕು. ಮೊದಲು ಗುಳಿಗೆಯವರ ಮೆಟ್ಟಿಲ ಮೇಲೆ ಕೋಲಿಟ್ಟು ಓದಿದೆ, ಆಮೇಲೆ ನಮ್ಮ ಮೆಟ್ಟಿಲ ಮೇಲೆ. ಗೇಟಿನ ಪಕ್ಕದ ಹೂಕುಂಡಗಳು ಅಡ್ಡ ಬಂದು ಕೋಲಿನ ಬುಡ ಕಾಣುತ್ತಿರಲಿಲ್ಲ, ಆದರೆ ಅಂಕಿ ಸ್ಪಷ್ಟವಾಗಿತ್ತು. ನಮ್ಮದು ಎರಡು ಸೆಂಟಿಮೀಟರ್ ಎತ್ತರ.

“ಎಷ್ಟು?” ಎಂದು ಕೂಗಿದರು ಮಾವ.

“ಎರಡು!” ಎಂದೆ. ಹೇಳಬಾರದಿತ್ತು.

“ಎರಡು ಸೆಂಟಿಮೀಟರ್!” ಎಂದು ಮಾವ ಬೀದಿಗೆಲ್ಲ ಕೇಳುವ ಹಾಗೆ ಸಾರಿದರು. ಗುಳಿಗೆಯವರು ಜಗಲಿಯಿಂದ, “ನಾನು ಹನ್ನೆರಡು ವರ್ಷದಿಂದ ಹೇಳ್ತಿರೋದೂ ಅದನ್ನೇ!” ಎಂದು ಸಂಭ್ರಮಪಟ್ಟರು. ಇಬ್ಬರ ಮುಖದಲ್ಲೂ ಗೆದ್ದ ಕಳೆ.

ಮಾರ್ಚ್ 11, ಸೋಮವಾರ

ಲೆಕ್ಕ ಹಾಕಿದೆ. ನನ್ನ ಅಳತೆಯ ಪ್ರಕಾರ ನೀರಿನ ಟ್ಯಾಂಕು ಶನಿವಾರ ಬೆಳಿಗ್ಗೆಯಿಂದ ಸಂಜೆಯೊಳಗೆ 5.2 ಸೆಂಟಿಮೀಟರ್ ಮೇಲೆದ್ದಿದೆ.

ಮೂರು ಸಲ ಕೂಡಿದೆ, ಮೂರು ಸಲ ಕಳೆದೆ. ಟ್ಯಾಂಕು ಇಳಿಯಲಿಲ್ಲ. ಸಾಹೇಬರು ಹಾಳೆ ನೋಡಿ ಕನ್ನಡಕ ಹಣೆಗೇರಿಸಿದರು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕೋ ಕುಣಿತ ಡೊಂಕೋ, ಇನ್ನೊಂದ್ಸಲ ಹೋಗಿ ನೋಡಿ ಮೇಡಂ.” ಪಕ್ಕದ ಮೇಜಿನವರು ಕೆಮ್ಮಿದ ಹಾಗೆ ನಕ್ಕರು.

ಮಾರ್ಚ್ 13, ಬುಧವಾರ

ಎರಡನೇ ಸಲ. ಬೀದಿಯ ಗದ್ದಲದಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿತ್ತು. ಮಾವ ಜೇಬಿನಿಂದ ಸೀಟಿ ತೆಗೆದು, ಕರವಸ್ತ್ರದಿಂದ ಒರೆಸಿ, ನನ್ನ ಕೈಗೆ ಕೊಟ್ಟರು. “ಕೂಗಬೇಡ. ಒಂದು ಊದು ಅಂದ್ರೆ ನಿಲ್ತೀನಿ, ಎರಡು ಅಂದ್ರೆ ನಡೀತೀನಿ. ಹೊಟ್ಟೆಯಿಂದ ಊದಬೇಕು, ಕೆನ್ನೆಯಿಂದ ಅಲ್ಲ.” ಆ ಸೀಟಿಯನ್ನು ಅವರ ಮಗನಿಗೂ ಮುಟ್ಟಲು ಕೊಟ್ಟಿರಲಿಲ್ಲವಂತೆ, ಅತ್ತೆ ಹೇಳಿದರು. ಇರಲಿ. ಕೆಲಸಕ್ಕೆ ಅನುಕೂಲವಾಯಿತು.

ಬಿಸಿಲು ಜೋರಿತ್ತು. ಮಾವ ಎರಡು ಸಲ ಮೊಣಕಾಲು ಉಜ್ಜಿಕೊಂಡಿದ್ದು ದುರ್ಬೀನಿನಲ್ಲಿ ಕಂಡಿತು. ದುರ್ಬೀನಿನಲ್ಲಿ ಎಲ್ಲ ಹತ್ತಿರ ಕಾಣುತ್ತದೆ. ಕೂತುಕೊಳ್ಳಿ ಎಂದರೆ ಕೂರುವವರಲ್ಲ, ಆದ್ದರಿಂದ ಬ್ಯಾಟರಿ ನೋಡಬೇಕು ಎಂದು ಸುಳ್ಳು ಹೇಳಿ ಹತ್ತು ನಿಮಿಷ ಕೆಲಸ ನಿಲ್ಲಿಸಿದೆ. ಲೆವೆಲ್‌ಗೆ ಬ್ಯಾಟರಿಯೇ ಇಲ್ಲ.

ಸಂಜೆ ಲೆಕ್ಕ: 5.1.

“ಹೋದ ಸಲಕ್ಕಿಂತ ಒಂದು ಮಿಲಿಮೀಟರ್ ಸುಧಾರಿಸಿದೆಯಲ್ಲಮ್ಮ” ಎಂದರು ಮಾವ. ಅವರು ಸಮಾಧಾನ ಮಾಡಿದ್ದು ಇದೇ ಮೊದಲು. ಅಭ್ಯಾಸವಿಲ್ಲದ್ದರಿಂದ ಕಿವಿ ಕೆಂಪಾಗಿತ್ತು, ಅವರದು.

ಮಾರ್ಚ್ 14, ಗುರುವಾರ

ಯಂತ್ರವನ್ನೇ ಪರೀಕ್ಷೆ ಮಾಡಿದೆ. ಮೈದಾನದಲ್ಲಿ ಎರಡು ಗೂಟ ಹೊಡೆದು, ನಡುವಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಓದಿದೆ. ಯಂತ್ರದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ. ಕೋಲೂ ಸರಿಯಿದೆ, ಟೇಪಿನಲ್ಲಿ ಅಳೆದೆ.

“ಹಾಗಾದ್ರೆ?” ಎಂದು ಕೇಳಿದರು ಮಾವ.

“ನನ್ನ ಕಣ್ಣೇ ಸರಿಯಿಲ್ಲ ಮಾವ. ಅಥವಾ ತಲೆ. ಈ ಕೆಲಸ ನನ್ನ ಹಣೆಯಲ್ಲಿ ಬರೆದಿಲ್ಲ ಅನ್ಸುತ್ತೆ.”

ಮಾವ ಕೋಲು ಒರೆಸಿ ಮೂಲೆಗಿಟ್ಟರು. ಊಟವನ್ನೂ ಅರ್ಧಕ್ಕೆ ಬಿಟ್ಟರು. ನನ್ನ ಚಪ್ಪಲಿ ಒಂದು ಬಾಗಿಲಲ್ಲಿ, ಇನ್ನೊಂದು ಕುರ್ಚಿಯ ಕೆಳಗೆ ಇತ್ತು. ಅದನ್ನು ದಾಟಿಕೊಂಡೇ ಹೋದರು. ಬಿಸಿಲಿಗೆ ಹೊಟ್ಟೆ ಕೆಟ್ಟಿರಬೇಕು. ಅತ್ತೆಗೆ ಹೇಳಿ ಏನಾದರೂ ಕೊಡಿಸಬೇಕು.

ಮಾರ್ಚ್ 15, ಶುಕ್ರವಾರ

ಸೋಮವಾರ ಸಾಹೇಬರೇ ಬೀದಿಗೆ ಬರುತ್ತಾರಂತೆ. “ನಿಮ್ಮ ಕುಣಿತ ಕಣ್ಣಾರೆ ನೋಡ್ತೀನಿ” ಎಂದರು. ಬೇರೇನೂ ಬರೆಯಲು ಮನಸ್ಸಿಲ್ಲ.

ಮಾರ್ಚ್ 16, ಶನಿವಾರ

ಗಂಡನಿಗೆ ಬಾಡಿಗೆ ಮನೆ ಸಿಕ್ಕಿದೆ. ಎರಡು ಕೋಣೆ, ದೊಡ್ಡ ಅಡುಗೆಮನೆ, ಒಳ್ಳೆಯ ಬೆಳಕು. ಇಲ್ಲಿಂದ ಹತ್ತು ನಿಮಿಷದ ದಾರಿ. ಮಾಲೀಕರು ಒಂದು ವಾರ ಕಾಯುತ್ತಾರಂತೆ. “ನೋಡೋಣ” ಎಂದೆ. ಖುಷಿಯಾಗಬೇಕಿತ್ತು. ತಲೆಯ ತುಂಬ ಬರೀ ಐದು ಸೆಂಟಿಮೀಟರ್.

ಮಾರ್ಚ್ 17, ಭಾನುವಾರ

ಸಿಕ್ಕಿತು.

ಮಾವ ಸ್ನಾನಕ್ಕೆ ಹೋಗಿದ್ದರು. ಅವರ ಬೂಟುಗಳು ಪಾಲಿಶ್ ಆಗಿ ಜಗಲಿಯಲ್ಲಿ ಒಣಗುತ್ತಿದ್ದವು. ಬಲಗಾಲಿನ ಬೂಟಿನ ಮೂತಿಯ ಮೇಲೆ ಒಂದು ಗೆರೆ, ಅದಕ್ಕೆ ಮೂಲೆ ಸೇರಿಸಿ ಇನ್ನೊಂದು ಗೆರೆ. ಎಷ್ಟು ಪಾಲಿಶ್ ತಿಕ್ಕಿದರೂ ಹೋಗದ ಒತ್ತು. ನೋಡಿದರೆ ಗೊತ್ತಾಗುವಂತಿತ್ತು. ಆ ಅಗಲದ, ಆ ಆಕಾರದ ಲೋಹದ ಬುಡ ಇರುವ ವಸ್ತು ಈ ಮನೆಯಲ್ಲಿ ಒಂದೇ ಒಂದು. ಅಳತೆಕೋಲು.

ಸ್ಕೇಲು ತಂದು ಬೂಟಿನ ಎತ್ತರ ಅಳೆದೆ. ನೆಲದಿಂದ ಮೂತಿಯವರೆಗೆ ಐದು ಸೆಂಟಿಮೀಟರ್, ಮೇಲೊಂದು ಎಳೆ.

ನಮ್ಮ ಮೆಟ್ಟಿಲಲ್ಲಿ, ಹೂಕುಂಡಗಳ ಮರೆಯಲ್ಲಿ, ಕೋಲನ್ನು ನೆಲದ ಮೇಲಲ್ಲ, ತಮ್ಮ ಕಾಲಿನ ಮೇಲೆ ನಿಲ್ಲಿಸಿದ್ದಾರೆ. ಮೊದಲ ಓದಿಗೆ ಮಾತ್ರ. ಎರಡನೇ ಓದಿಗೆ ನೆಲಕ್ಕಿಟ್ಟಿದ್ದಾರೆ. ಅಲ್ಲಿಂದ ಮುಂದೆ ಇಡೀ ಬೀದಿಯೇ ಐದು ಸೆಂಟಿಮೀಟರ್ ಮೇಲಕ್ಕೆ ಹೋಗಿದೆ. ನಿಜದಲ್ಲಿ ನಮ್ಮ ಮೆಟ್ಟಿಲು ಗುಳಿಗೆಯವರದಕ್ಕಿಂತ ಮೂರು ಸೆಂಟಿಮೀಟರ್ ತಗ್ಗು.

ಸಿಟ್ಟು ನೆತ್ತಿಗೇರಿತು. ಒಂದು ವಾರ ನನ್ನ ಕಣ್ಣಿನ ಮೇಲೆ ನಾನೇ ಅನುಮಾನ ಪಟ್ಟಿದ್ದೇನೆ! ಬೂಟು ಕೈಯಲ್ಲಿ ಹಿಡಿದು ಬಚ್ಚಲ ಬಾಗಿಲವರೆಗೆ ಹೋದೆ. ಒಳಗೆ ಮಾವ ತಮಗೆ ತಾವೇ “ಒಂದ್-ಎರಡ್, ಒಂದ್-ಎರಡ್” ಎನ್ನುತ್ತ ನೀರು ಹೊಯ್ದುಕೊಳ್ಳುತ್ತಿದ್ದರು. ಯಾಕೋ ವಾಪಸು ಬಂದೆ.

ಯೋಚಿಸಿ ನೋಡಿದರೆ ಹಾವೂ ಸಾಯದ, ಕೋಲೂ ಮುರಿಯದ ದಾರಿಯಿದೆ. ಸಾಹೇಬರ ಹತ್ತಿರ, ಆ ಒಂದು ಜಾಗದಲ್ಲಿ ನಾನೇ ತಪ್ಪು ಓದಿದೆ ಎನ್ನುತ್ತೇನೆ. ಬೈಯುತ್ತಾರೆ. ನಮ್ಮ ಮೆಟ್ಟಿಲು ಬಿಟ್ಟು ಬೇರೆ ಕಲ್ಲು ಹಿಡಿದು ಮತ್ತೆ ಅಳೆಯುತ್ತೇನೆ. ಮಾವನ ಮರ್ಯಾದೆಯ ಮೇಲೆ ಕನಿಕರ ಎಂದೇನಲ್ಲ. ಮನೆ ಮಾತು ಬೀದಿಗೆ ಬಿದ್ದರೆ ನನಗೇ ತೊಂದರೆ, ಅದಕ್ಕೆ.

ಬೂಟನ್ನು ಇದ್ದ ಜಾಗದಲ್ಲೇ ಇಟ್ಟೆ.

ಮಾರ್ಚ್ 18, ಸೋಮವಾರ

ನನ್ನ ದಾರಿ ನನ್ನ ಹತ್ತಿರವೇ ಉಳಿಯಿತು.

ಸಾಹೇಬರು ಹತ್ತು ಗಂಟೆಗೆ ಛತ್ರಿ ಹಿಡಿದು ಬಂದರು. ಬೀದಿಯೂ ಬಂತು. ಚರಂಡಿ ಯಾರ ಮೆಟ್ಟಿಲು ತಿನ್ನುತ್ತದೆ ಎಂದು ಎಲ್ಲರಿಗೂ ಕುತೂಹಲ. ಗುಳಿಗೆಯವರು ತಮ್ಮ ಹನ್ನೆರಡು ವರ್ಷದ ಅರ್ಜಿಗಳನ್ನು ದಾರದಲ್ಲಿ ಕಟ್ಟಿ ತಂದಿದ್ದರು. ಮಾವ ನಮ್ಮ ಗೇಟಿನ ಹತ್ತಿರ ಕೋಲು ಹಿಡಿದು ಅಲ್ಲಾಡದೆ ನಿಂತಿದ್ದರು.

ಸಾಹೇಬರು ನನ್ನ ಆಫೀಸಿನ ಅಳತೆ ಪುಸ್ತಕ ತಿರುವಿಹಾಕಿ, ಎಲ್ಲರೂ ಕೇಳುವ ಹಾಗೆ, “ಎರಡು ಸಲ ಅಳೆದು ಎರಡು ಸಲವೂ ತಪ್ಪು! ಇಷ್ಟುದ್ದ ಬೀದಿ ಅಳೆಯೋಕೆ ಬರಲ್ಲ ಅಂದ್ರೆ ನೀವು ಯಾಕ್ರೀ ಈ ಕೆಲಸಕ್ಕೆ ಬಂದ್ರಿ? ಮನೇಲಿ ಕೂತು...” ಎಂದು ಶುರುಮಾಡಿದರು.

“ಸಾರ್, ಇಲ್ಲೊಂದು ಕಡೆ ನಾನೇ ತಪ್ಪಾಗಿ ಓ...” ಎಂದೆ.

“ತಪ್ಪು ನನ್ನದು ಸಾರ್!”

ಶಾಲೆಯ ಮೈದಾನದ ಆ ತುದಿಗೆ ಮುಟ್ಟುವ ದನಿ. ಸಾಹೇಬರ ಛತ್ರಿ ಅಲ್ಲಾಡಿತು. ಮಾವ ಹೆಜ್ಜೆ ಮುಂದಿಟ್ಟು ನೆಟ್ಟಗೆ ನಿಂತಿದ್ದರು, ಕಣ್ಣು ಸಾಹೇಬರ ತಲೆಯ ಮೇಲಿನ ಆಕಾಶದಲ್ಲಿ.

“ನೀವು ಯಾರು?”

“ಕೋಲು ಹಿಡಿಯೋನು ಸಾರ್. ಅವಳ ಮಾವ. ಈ ಮೆಟ್ಟಿಲ ಹತ್ತಿರ ಕೋಲನ್ನ ನೆಲದ ಮೇಲೆ ಇಡಲಿಲ್ಲ, ಬೂಟಿನ ಮೇಲೆ ಇಟ್ಟೆ. ಎರಡು ಸಲವೂ. ಹುಡುಗಿ ಓದಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ.”

ಸಾಹೇಬರಿಗೆ ತಕ್ಷಣ ಅರ್ಥವಾಯಿತು, ಅರ್ಥವಾದ ಮೇಲೆ ಕುತೂಹಲವೂ ಹುಟ್ಟಿತು. “ಬೂಟಿನ ಮೇಲೇ ಇಟ್ಟವರು ಎರಡನೇ ಓದಿಗೂ ಅಲ್ಲೇ ಇಟ್ಟಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲವಲ್ರೀ! ಆಗ ಯಾಕೆ ತೆಗೆದ್ರಿ?”

“ಮೊದಲನೇದು ಮನೆಗೋಸ್ಕರ ಸಾರ್” ಎಂದರು ಮಾವ. “ಎರಡನೇದು ಸತ್ಯಕ್ಕೋಸ್ಕರ. ಸುಳ್ಳನ್ನ ಒಂದೇ ಸಲ ಹೇಳಬೇಕು ಅಂತ ನನ್ನ ಶಿಸ್ತು.”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಮಾವ ನಗಲಿಲ್ಲ, ಕಣ್ಣು ಕೆಳಗಿಳಿಸಲೂ ಇಲ್ಲ. ಕೋಲು ಹಿಡಿದ ಬೆರಳುಗಳು ಮಾತ್ರ ಬೆಳ್ಳಗಾಗಿದ್ದವು. ಅವರ ತಲೆ ನರೆತ ಹಳೇ ವಿದ್ಯಾರ್ಥಿಯೂ ಆ ಗುಂಪಿನಲ್ಲೇ ಇದ್ದರು. ನಾನು ಸೀಟಿ ತೆಗೆದು ಜೋರಾಗಿ ಊದಿದೆ, ಹೊಟ್ಟೆಯಿಂದ. ನಗು ನಿಂತಿತು.

“ಮಾವ, ಮೆಟ್ಟಿಲ ಮೇಲೆ” ಎಂದೆ. “ಈಗಲೇ ಅಳೆಯೋಣ.”

ಹೂಕುಂಡಗಳನ್ನು ಅವರೇ ಪಕ್ಕಕ್ಕೆ ಸರಿಸಿ, ಎರಡೂ ಬೂಟುಗಳನ್ನು ದೂರ ಇಟ್ಟುಕೊಂಡು ನಿಂತರು. ಸಾಹೇಬರು ನನ್ನನ್ನು ಸರಿಸಿ ತಾವೇ ದುರ್ಬೀನಿಗೆ ಕಣ್ಣು ಕೊಟ್ಟರು. ಆಮೇಲೆ ಗುಳಿಗೆಯವರ ಮೆಟ್ಟಿಲು. ಸಾಹೇಬರೇ ಹೇಳಿದರು: ಡ್ರಿಲ್ ಮೇಷ್ಟ್ರ ಮೆಟ್ಟಿಲು ಮೂರು ಸೆಂಟಿಮೀಟರ್ ತಗ್ಗು. ಚರಂಡಿ ಈ ಬದಿಗೆ.

ಮಾವ ಏನನ್ನುತ್ತಾರೋ ಎಂದು ನಾನು ಹೆದರಿ ನೋಡುತ್ತಿದ್ದರೆ, ಕೂಗಿದವರು ಗುಳಿಗೆ. “ಸಾಧ್ಯವೇ ಇಲ್ಲ! ತಗ್ಗಿನಲ್ಲಿರೋನು ನಾನು! ಹನ್ನೆರಡು ವರ್ಷದಿಂದ ನಾನೇ ತಗ್ಗು! ಇಲ್ಲಿ ನೋಡಿ, ಹತ್ತೊಂಬತ್ತು ಅರ್ಜಿ!”

“ನೀವು ಎತ್ತರದಲ್ಲಿದ್ದೀರಿ ಸ್ವಾಮಿ” ಎಂದರು ಸಾಹೇಬರು.

“ಹಾಗಾದ್ರೆ ನಮ್ಮನೆಗೆ ನುಗ್ಗೋ ನೀರು ಯಾರದು?”

“ಅದನ್ನ ನೀವೇ ಹುಡುಕ್ಕೊಳ್ಳಿ.”

ಗುಳಿಗೆಯವರು ತಬ್ಬಿಬ್ಬಾಗಿ ಅತ್ತಿತ್ತ ನೋಡಿ, ಕೊನೆಗೆ ಹನ್ನೆರಡು ವರ್ಷದ ಮೇಲೆ ಮೊದಲ ಸಲ ಮಾವನನ್ನೇ ನೇರವಾಗಿ ಕೇಳಿದರು. “ಏನ್ರೀ ಮೇಷ್ಟ್ರೇ, ನೀವಾದ್ರೂ ಹೇಳ್ರೀ! ನಿಮ್ಮ ಮನೆ ಎತ್ತರ ಅಲ್ವಾ?”

ಇದಕ್ಕಿಂತ ಸಿಹಿಯಾದ ಆಹ್ವಾನ ಮಾವನಿಗೆ ಬದುಕಿನಲ್ಲಿ ಬಂದಿರಲಾರದು.

“ಅಲ್ಲ” ಎಂದರು. “ನಮ್ಮದು ತಗ್ಗು. ಈ ಸಲ ಕೋಲು ನೆಲದ ಮೇಲೇ ಇತ್ತು.”

ಮಧ್ಯಾಹ್ನ ಮನೆಯಲ್ಲಿ ಇಬ್ಬರೂ ಊಟ ಮಾಡಿದೆವು. ಎದ್ದು ಕೈತೊಳೆಯುವಾಗ ಮಾವ, “ನೀನು ಅಲ್ಲಿ ‘ನಾನೇ ತಪ್ಪಾಗಿ’ ಅಂದ್ಯಲ್ಲ, ಏನು ಹೇಳೋಕೆ ಹೊರಟಿದ್ದೆ?” ಎಂದರು.

“ಏನೋ ಮಾವ, ನೆನಪಿಲ್ಲ” ಎಂದೆ. ನನ್ನ ಮುಖ ನೋಡಿ ನಲ್ಲಿ ನಿಲ್ಲಿಸಿದರು.

ಮಾರ್ಚ್ 19, ಮಂಗಳವಾರ

ಮೂರನೇ ಸಲ, ಟ್ಯಾಂಕಿನಿಂದ ಸೇತುವೆ, ಸೇತುವೆಯಿಂದ ಟ್ಯಾಂಕು. ವ್ಯತ್ಯಾಸ ನಾಲ್ಕು ಮಿಲಿಮೀಟರ್! ಎರಡೂ ಕೈ ಎತ್ತಿ ಕುಣಿದೆ. ಮಾವ ಅದನ್ನು ‘ಓದಿ ಆಯಿತು’ ಎಂದು ತಿಳಿದು ಸೆಲ್ಯೂಟ್ ಹೊಡೆದರು.

ಗುಳಿಗೆಯವರು ಇಡೀ ದಿನ ನಮ್ಮ ಹಿಂದೆಯೇ ಇದ್ದರು. ಪ್ರತಿ ಕಲ್ಲಿನ ಹತ್ತಿರ ಬಗ್ಗಿ ಮಾವನ ಬೂಟು ಪರೀಕ್ಷಿಸುವುದು, ಎದ್ದು “ಸರಿಯಿದೆ” ಎನ್ನುವುದು. ಸಂಜೆ ಹೊತ್ತಿಗೆ ಮಾವ ತಾವೇ ಕಾಲೆತ್ತಿ ತೋರಿಸತೊಡಗಿದ್ದರು. ಆಮೇಲೆ ಮೂವರೂ ಅವರ ಹಿತ್ತಲಿಗೆ ಹೋಗಿ ಲೆವೆಲ್ ಇಟ್ಟೆವು. ಅವರ ಚಾವಣಿಯ ನೀರೆಲ್ಲ ಇಳಿಯುವ ಪೈಪು ಹಿಂಬಾಗಿಲ ಕಡೆಗೇ ವಾಲಿತ್ತು. ಹನ್ನೆರಡು ವರ್ಷ ಅವರ ಮನೆಗೆ ನುಗ್ಗಿದ್ದು ಅವರದೇ ನೀರು. ಗುಳಿಗೆಯವರು ಪಾವಟಿಗೆಯ ಮೇಲೆ ಕುಸಿದು ಕೂತು, “ಇನ್ನು ನಾನು ಯಾರ ಮೇಲೆ ಅರ್ಜಿ ಬರೀಲಿ?” ಎಂದರು. ಕೇಳಿದರೆ ಅಯ್ಯೋ ಅನಿಸುವಂತಿತ್ತು.

“ಬರೆಯೋ ಕೈ ಸುಮ್ಮನಿರಲ್ಲ” ಎಂದರು ಮಾವ. “ಚರಂಡಿ ಬೇಗ ತೋಡಿ ಅಂತ ಬರೀರಿ. ನಾನೂ ಸಹಿ ಹಾಕ್ತೀನಿ.”

ಮಾರ್ಚ್ 20, ಬುಧವಾರ

ವರದಿ ಕೊಟ್ಟೆ. ಸಾಹೇಬರು ನಾಲ್ಕು ಮಿಲಿಮೀಟರನ್ನು ಬೆರಳಿನಿಂದ ಮುಟ್ಟಿ ನೋಡಿದರು. ಖಾಯಂ ಮಾಡಲು ಬರೆಯುತ್ತಾರಂತೆ. “ಆ ಕೋಲಿನವರನ್ನ ಬಿಡಬೇಡಿ ಮೇಡಂ. ತಪ್ಪು ಒಪ್ಪಿಕೊಳ್ಳೋ ಆಳು ಈ ಆಫೀಸಿನಲ್ಲಿ ನಂಗೆ ಇದುವರೆಗೂ ಸಿಕ್ಕಿಲ್ಲ.” ಪಕ್ಕದ ಮೇಜಿನವರು ಈ ಸಲ ಕೆಮ್ಮಲಿಲ್ಲ.

ಒಡೆಯಬೇಕಾದ ಮೆಟ್ಟಿಲುಗಳಿಗೆ ಕೆಂಪು ಗುರುತು ಹಾಕಬೇಕಿತ್ತು. ನಮ್ಮ ಮೆಟ್ಟಿಲಿಗೆ ಮಾವನೇ ಹಾಕಿದರು. ನಾನು ಒಂದು ಗೀಟು ಸಾಕು ಎಂದರೂ ಕೇಳದೆ, ದಾರ ಹಿಡಿದು, ಮೂಲೆಯಿಂದ ಮೂಲೆಗೆ ನೇರವಾಗಿ ಎಳೆದರು. ಅತ್ತೆ ಮೇಲೆ ನಿಂತು, “ಹತ್ತೋಕೆ ಮೊಣಕಾಲು ನೋಯ್ತಿತ್ತು, ಒಳ್ಳೇದೇ ಆಯ್ತು” ಎಂದರು.

ಮಾರ್ಚ್ 23, ಶನಿವಾರ

ಊಟದ ಹೊತ್ತಿನಲ್ಲಿ ಗಂಡ ಬಾಡಿಗೆ ಮನೆಯ ವಿಷಯ ಎತ್ತಿಬಿಟ್ಟರು. ಮಾಲೀಕರು ಫೋನ್ ಮಾಡಿದ್ದರಂತೆ, ನಾಳೆಯೊಳಗೆ ಹೇಳಬೇಕಂತೆ. ನನಗೆ ಮೊದಲೇ ತಿಳಿಸಬಾರದಿತ್ತೇ? ಅತ್ತೆ ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ಮಾವ ಊಟ ಮುಂದುವರಿಸಿದರು. ಲೋಟದ ನೀರು ಕುಡಿದು, ಬಾಯಿ ಒರೆಸಿಕೊಂಡು ಕೇಳಿದ್ದು ಇಷ್ಟೇ:

“ಮನೆ ಎತ್ತರದಲ್ಲಿದೆಯೋ, ತಗ್ಗಿನಲ್ಲಿದೆಯೋ?”

“ಅದನ್ನೆಲ್ಲ ಯಾರು ನೋಡಿದ್ದಾರೆ ಅಪ್ಪಾ?”

“ನೋಡದೆ ಹೋಗಬಾರದು. ಮಳೆಗಾಲ ಬರ್ತಿದೆ.” ನನ್ನ ಕಡೆ ತಿರುಗಿದರು. “ಬೆಳಿಗ್ಗೆ ಯಂತ್ರ ತಗೋ. ನಾನು ಕೋಲು ಹಿಡೀತೀನಿ.”

ಮಾರ್ಚ್ 24, ಭಾನುವಾರ

ಹೋಗಿದ್ದೆವು, ಮಾವ ಮತ್ತು ನಾನು. ರಸ್ತೆಯ ಮೇಲೆ ಒಂದು ಓದು, ಹೊಸ್ತಿಲ ಮೇಲೆ ಒಂದು ಓದು, ಹಿತ್ತಲಲ್ಲಿ ಒಂದು. ಕೋಲು ಹಿಡಿಯುವ ಮೊದಲು ಪ್ರತಿ ಕಡೆಯೂ ಬಗ್ಗಿ ಮಣ್ಣು ಒರೆಸಿದರು. ಕೋಲು ದೀಪದ ಕಂಬದ ಹಾಗೆ ನಿಂತಿತ್ತು. ದುರ್ಬೀನಿನಲ್ಲಿ ಅಂಕಿಯ ಪಕ್ಕದಲ್ಲೇ ಅವರ ಮುಖ. ಎಷ್ಟು ಹೊತ್ತು ಅಲ್ಲಾಡಬಾರದು ಎಂದು ಅವರಿಗೆ ಗೊತ್ತು, ರೆಪ್ಪೆ ಮಾತ್ರ ಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ಅಂಕಿ ಓದಲು ನನಗೆ ಯಾಕೋ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಎಷ್ಟು ಬಂತೆಂದು ಮಾವ ಕೇಳಲಿಲ್ಲ. ಒಳಗೆ ಎರಡೂ ಕೋಣೆ ನೋಡಿ, ಗೋಡೆಗೆ ಅಂಗೈ ಒತ್ತಿ, ಕಿಟಕಿ ತೆರೆದು ಮುಚ್ಚಿದರು. ದಾರಿಯಲ್ಲಿ, “ಒಳ್ಳೇ ಮನೆ ಕಣಮ್ಮ. ಬಾಗಿಲು ಕಿಟಕಿ ಎಲ್ಲ ನೇರ ಇದೆ” ಎಂದರು. ಅರ್ಧ ದಾರಿಗೆ ಬಂದ ಮೇಲೆ ಮುಕ್ಕಾಲಿಯನ್ನು ನನ್ನ ಹೆಗಲಿನಿಂದ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು.

ಗಂಡ ಬಾಗಿಲಲ್ಲೇ ಫೋನು ಹಿಡಿದು ಕಾಯುತ್ತಿದ್ದರು. “ಹೇಗಿದೆ? ಒಪ್ಪಿಗೆ ಅಂತ ಹೇಳ್ಲಾ?”

“ತಗ್ಗು” ಎಂದೆ. “ರಸ್ತೆಗಿಂತ ಕೆಳಗಿದೆ. ಒಂದು ಮಳೆ ಬಂದ್ರೆ ನೀರೆಲ್ಲ ಅಡುಗೆಮನೆಗೆ.”

ಗಂಡ ನಂಬದೆ ಮಾವನ ಕಡೆ ನೋಡಿದರು. “ಹೌದಾ ಅಪ್ಪಾ? ನಾನು ನೋಡಿದಾಗ ಹಾಗೆ ಕಾಣಲಿಲ್ಲವಲ್ಲ?”

ಮಾವ ಮುಕ್ಕಾಲಿಯನ್ನು ಗೋಡೆಗೆ ಒರಗಿಸುತ್ತಿದ್ದರು.

“ಕೋಲು ಹಿಡಿದವನು ನಾನು. ಓದೋದು ಅವಳ ಕೆಲಸ” ಎಂದರು. “ಅವಳು ತಗ್ಗು ಅಂದ್ರೆ ತಗ್ಗು.”

ಗಂಡ ಮಾಲೀಕರಿಗೆ ಬೇಡವೆಂದು ಹೇಳಿಯಾಯಿತು. ಆದರೂ ಅಳತೆ ಮಾಡಿದ ಮೇಲೆ ಸರಿಯಾದ ಅಂಕಿ ಎಲ್ಲಾದರೂ ಒಂದು ಕಡೆ ಬರೆದಿಡಬೇಕು, ಅದು ಈ ಕೆಲಸದ ನಿಯಮ: ಆ ಮನೆಯ ಹೊಸ್ತಿಲು ರಸ್ತೆಗಿಂತ ನಲವತ್ತಾರು ಸೆಂಟಿಮೀಟರ್ ಎತ್ತರ.